ಮನೆಯವರೇ ಮಾರಾಟಕ್ಕೆ!

"ಒಂದು ಮನೆ ಮಾರೋದಕ್ಕೆ ಬ್ರೋಕರ್ ಯಾಕೆ? ನನಗೇನು ಬಾಯಿಲ್ವಾ?"

ವಿಜಯದಶಮಿಯ ಬೆಳಗ್ಗೆ ಕಾಫಿ ಲೋಟವನ್ನು ಟಣ್ಣೆಂದು ಕುಕ್ಕಿ ಹೀಗೆ ಘೋಷಿಸಿದೆ. ಹೆಸರೇ ವಿಜಯಸಾರಥಿ, ದಿನವೋ ವಿಜಯದಶಮಿ! ಇನ್ನು ಸೋಲುವುದಕ್ಕೆ ಜಾಗವೆಲ್ಲಿ?

"ಬಾಯಿ ಇದೆ. ಅದೇ ನನಗೆ ಭಯ" ಅಂದಳು ನನ್ನ ಹೆಂಡತಿ ರಂಜನಾ.

ಅವಳ ಭಯಕ್ಕೆ ಕಾರಣವಿತ್ತು. ಬೇಲೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯನ್ನು ಮಾಲೀಕರಾದ ಸುಬ್ಬರಾಮಯ್ಯನವರು ಮಾರಲು ಹೊರಟಿದ್ದರು. "ದೀಪಾವಳಿಯೊಳಗೆ ಮುಂಗಡ ಕೊಟ್ಟರೆ ನಿಮಗೇ. ಇಲ್ಲಾಂದ್ರೆ ಬೇರೆಯವರು ಕಾದು ಕೂತಿದ್ದಾರೆ" ಎಂದು ಹೇಳಿಬಿಟ್ಟಿದ್ದರು. ಆ ಮನೆಯೆಂದರೆ ರಂಜನಾಗೆ ಪ್ರಾಣ. ಅವಳು ಪಾಠ ಹೇಳುವ ಶಾಲೆ ಎದುರು ಬೀದಿಯಲ್ಲೇ. ಹಿತ್ತಿಲಲ್ಲಿ ಅವಳೇ ನೆಟ್ಟು ಬೆಳೆಸಿದ ದುಂಡುಮಲ್ಲಿಗೆ. ಮುಂಗಡ ಹುಟ್ಟಬೇಕಾದರೆ ಅರಸೀಕೆರೆಯಲ್ಲಿ ನಮ್ಮಪ್ಪ ಬಿಟ್ಟುಹೋದ ಹಳೇ ಮನೆ ಬಿಕರಿಯಾಗಬೇಕು.

"ಈ ಮನೆ ಕೈತಪ್ಪಿತು ಅಂದ್ರೆ ನಾನು ಮಲ್ಲಿಗೆ ಬಳ್ಳಿ ಬುಡದಲ್ಲೇ ಕೂತ್ಕೊಳ್ತೀನಿ. ನೀವು ಎಲ್ಲಿಗಾದ್ರೂ ಹೋಗಿ" ಅಂದಳು.

"ಅಯ್ಯೋ ಹುಚ್ಚೀ! ಈಗ ಕಾಲ ಯಾವುದು? ಮೊದಲಾದರೆ ಗೋಡೆ ಮೇಲೆ ಸುಣ್ಣದಲ್ಲಿ ಬರೀಬೇಕಿತ್ತು. ಈಗ ಕೇಬಲ್ ಟೀವಿ ಇದೆ, ಪೇಪರ್ ಜೊತೆ ಹಾಕೋ ಕರಪತ್ರ ಇದೆ, ಮೈಕ್ ಆಟೋ ಇದೆ, ಟಾಕೀಸಲ್ಲಿ ಸ್ಲೈಡ್ ಇದೆ. ದಿನಕ್ಕೊಂದು ದಾರಿ ಹುಟ್ಟುತ್ತಿದೆ ಕಣೇ! ನೋಡ್ತಾ ಇರು, ಗಿರಾಕಿಗಳು ಕ್ಯೂ ನಿಲ್ತಾರೆ!"

ಬಸ್ ಸ್ಟ್ಯಾಂಡ್ ಹತ್ತಿರ ಹೊಸದಾಗಿ ತೆರೆದಿದ್ದ ಇಂಟರ್ನೆಟ್ ಸೆಂಟರಿಗೂ ನುಗ್ಗಿದೆ. "ವೆಬ್‌ಸೈಟಲ್ಲಿ ಹಾಕ್ಬಿಡಿ ಸಾರ್" ಎಂದರು ಅಲ್ಲಿಯವರು. "ನಂದು ಸೈಟಲ್ಲ ಕಣಯ್ಯಾ, ಕಟ್ಟಿರೋ ಮನೆ!" ಎಂದು ಗದರಿಸಿ ಹೊರಬಂದೆ. ಅವರು ಯಾಕೆ ಅಷ್ಟು ನಕ್ಕರೋ ಆಗ ತಿಳಿಯಲಿಲ್ಲ.

ಜಾಹೀರಾತಿನ ಒಕ್ಕಣೆಯನ್ನು ರಂಜನಾ ತಿದ್ದಿಕೊಟ್ಟಳು. ಅವಳು ಕನ್ನಡ ಟೀಚರು. "ಅರಸೀಕೆರೆಯ ಮನೆಯನ್ನು ಮನೆಯವರೇ ಮಾರಾಟಕ್ಕೆ ಇಟ್ಟಿದ್ದಾರೆ" ಎಂದು ಶುರು. ಬ್ರೋಕರ್ ಕಾಟವಿಲ್ಲ ಎಂಬುದು ಎದ್ದು ಕಾಣಲಿ ಎಂದು "ಮನೆಯವರೇ" ಸೇರಿಸಿದ್ದು ನಾನು. "ಮೇಲುಗಡೆ ಸ್ವಲ್ಪ ಸೋರುತ್ತದೆ" ಎಂದು ಸೇರಿಸಿದ್ದು ಅವಳು.

"ಅದನ್ಯಾಕೆ ಹಾಕ್ತೀಯೇ?"

"ಮುಚ್ಚಿಟ್ಟು ಮಾರಿದ್ರೆ ನಾಳೆ ಬಾಗಿಲಿಗೆ ಬಂದು ಉಗೀತಾರೆ. ಇದರಲ್ಲಿ ಒಂದಕ್ಷರ ತೆಗೀಬೇಡಿ, ಒಂದಕ್ಷರ ಸೇರಿಸಬೇಡಿ."

ನಾನು ತೆಗೆಯುತ್ತಲೇ ಇರಲಿಲ್ಲ. ಆದರೆ ಕೇಬಲ್ ಆಫೀಸಿನವರು ಪದಕ್ಕಿಷ್ಟು ಎಂದುಬಿಟ್ಟರು! ನನ್ನೊಳಗಿನ ಗುಮಾಸ್ತೆ ಎದ್ದು ಕೂತ. ಒಂದೇ ವಾಕ್ಯದಲ್ಲಿ "ಮನೆ" ಎರಡು ಸಲ ಯಾಕೆ? ದಂಡ! ಒಂದು ಮನೆಯನ್ನು ಹೊಡೆದುಹಾಕಿದೆ. "ಇಟ್ಟಿದ್ದಾರೆ" ಬೇರೆ ಯಾಕೆ? ಮಾರಾಟಕ್ಕೆ ಎಂದರೆ ಜನಕ್ಕೆ ಅರ್ಥವಾಗದೇ? ಅದನ್ನೂ ಹೊಡೆದೆ. ಹಗಲು ನಾನು ಆಫೀಸಿನಲ್ಲಿರುತ್ತೇನೆ, ರಂಜನಾಗೆ ದಸರಾ ರಜೆ. ಹಾಗಾಗಿ ಕೊನೆಯಲ್ಲಿ ಅವಳ ಹೆಸರು, ನಮ್ಮ ಮನೆಯ ಫೋನ್ ನಂಬರು. ಕರಪತ್ರದವರಿಗೂ, ಸ್ಲೈಡಿನವರಿಗೂ, ಮೈಕ್ ಆಟೋದವರಿಗೂ ಅದೇ ಒಕ್ಕಣೆ ಕೊಟ್ಟು, ಉಳಿತಾಯದ ಹೆಮ್ಮೆಯಲ್ಲಿ ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಮಾರನೆಯ ದಿನ ಮಧ್ಯಾಹ್ನ. ಆಫೀಸಿನಲ್ಲಿ ಕಡತಕ್ಕೆ ದಾರ ಕಟ್ಟುತ್ತಿದ್ದೆ. ಬೀದಿಯಲ್ಲಿ ಮೈಕ್ ಆಟೋ ಬಂತು. ಸಾಕ್ಷಾತ್ ದೇವಲೋಕದ ಅಶರೀರವಾಣಿಯೇ ಸೈ!

"ಬನ್ನಿ ಬನ್ನಿ! ಅರಸೀಕೆರೆಯ ಮನೆಯವರೇ ಮಾರಾಟಕ್ಕೆ! ಹಳೆಯದು, ಆದರೆ ಗಟ್ಟಿ! ಈಚೆಗೆ ಬಣ್ಣ ಬಳಿದಿದೆ! ಮೇಲುಗಡೆ ಸ್ವಲ್ಪ ಸೋರುತ್ತದೆ! ಮಾತಾಡಿದ ತಕ್ಷಣ ಬಿಟ್ಟುಕೊಡಲಾಗುವುದು! ಸಂಪರ್ಕಿಸಿ, ರಂಜನಾ ಮೇಡಂ!"

ಆಫೀಸಿಗೆ ಆಫೀಸೇ ನನ್ನ ಕಡೆ ತಿರುಗಿತು. ಅರಸೀಕೆರೆಯವನು ನಾನು. ರಂಜನಾ ಮೇಡಂನ ಮನೆಯವರೂ ನಾನೇ. ತಲೆಗೆ ಬಣ್ಣ ಬಳಿದುಕೊಂಡದ್ದೂ ಹಬ್ಬದ ಹಿಂದಿನ ದಿನವೇ!

ಪಕ್ಕದ ಮೇಜಿನ ಪುಟ್ಟರಾಜು ಎದ್ದು ಬಂದು ನನ್ನ ಭುಜ ಹಿಸುಕಿ ನೋಡಿದ. "ಗಟ್ಟಿ ಏನೋ ಇದೀರಿ ಸಾರ್. ಆದ್ರೂ ಮೇಡಂ ಇಷ್ಟು ಬೇಗ ಬೇಜಾರು ಮಾಡ್ಕೋಬಾರ್ದಿತ್ತು!"

ಹೊಟ್ಟೆನೋವೆಂದು ರಜಾ ಚೀಟಿ ಗೀಚಿ ಮನೆಗೆ ಓಡಿದೆ. ರಂಜನಾ ಒಂದು ಕೈಯಲ್ಲಿ ಕರಪತ್ರ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕೂತಿದ್ದಳು. ಮೇಷ್ಟ್ರ ಮುಂದೆ ತಪ್ಪು ಲೆಕ್ಕ ಮಾಡಿಕೊಂಡು ಹೋದವನಂತೆ ಬಾಗಿಲಲ್ಲೇ ನಿಂತೆ.

"ಒಳಗೆ ಬನ್ನಿ. ಈ ವಾಕ್ಯದಲ್ಲಿ ಕರ್ತೃ ಯಾರು?"

"ಮನೆಯವರು."

"ಕ್ರಿಯಾಪದ ಎಲ್ಲಿ?"

"ಹೊಡೆದುಹಾಕಿದೆ."

"ಮನೆಯನ್ನು ಅನ್ನೋ ಕರ್ಮಪದ? ಅದೆಲ್ಲಿ ಹೋಯ್ತು? ಎಲ್ರೀ ಕರ್ಮ?"

ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ.

"ನನ್ನ ಕರ್ಮ ಇಲ್ಲೇ ಎದುರಿಗೆ ನಿಂತಿದೆ ಬಿಡಿ! ಬೆಳಗ್ಗೆಯಿಂದ ಈ ಫೋನು ಬಾಯಿ ಮುಚ್ಚಿಲ್ಲ. ಹಳೇಬೀಡಿಂದ ಒಬ್ರು, ‘ಅಡುಗೆ ಬರುತ್ತಾ?’ ಅಂತ ಕೇಳಿದ್ರು. ಅರೇಹಳ್ಳಿಯಿಂದ ಇನ್ನೊಬ್ರು, ‘ಬಾಡಿಗೆಗೆ ಕೊಡ್ತೀರಾ?’ ಅಂತಾರೆ. ಅದೂ ಹೋಗಲಿ, ಗಂಡನ್ನ ನಪುಂಸಕಲಿಂಗದಲ್ಲಿ ಬೇರೆ ಬರೆಸಿದ್ದೀರಿ! ಹಳೆಯದು ಅಂತೆ! ನಾಳೆ ಶಾಲೆ ತೆರೆದರೆ ನಾನು ಯಾವ ಮುಖ ಇಟ್ಕೊಂಡು ವ್ಯಾಕರಣ ಹೇಳಲಿ?"

ಹೇಳುತ್ತಾ ಹೇಳುತ್ತಾ ಅವಳ ಕಣ್ಣಲ್ಲಿ ನೀರು ಬಂತು. "ಎಲ್ಲಾರೂ ನಗೋದಕ್ಕೇ ಫೋನ್ ಮಾಡ್ತಾರೆ. ಮನೆ ತಗೊಳ್ಳೋರು ಒಬ್ರೂ ಇಲ್ಲ. ದೀಪಾವಳಿ ಬಂದೇ ಬಿಡ್ತು" ಎಂದು ಹಿತ್ತಿಲ ಕಡೆ ನೋಡಿದಳು. ಇಷ್ಟು ಹೊತ್ತು ಮಾನ ಹೋಯಿತೆಂದು ಒದ್ದಾಡುತ್ತಿದ್ದೆ. ಹೋಗುತ್ತಿದ್ದದ್ದು ಅವಳ ಮನೆ. ಏನೂ ಹೇಳಲು ಬಾಯಿ ಬರಲಿಲ್ಲ, ಅದೇ ಬಾಯಿ!

ಅಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಆ ಕಡೆಯ ಗಂಟಲು ಎಷ್ಟು ದೊಡ್ಡದೆಂದರೆ ನನಗೂ ಸ್ಪಷ್ಟವಾಗಿ ಕೇಳಿಸಿತು.

"ನಾನು ಹುಲಿಕೆರೆ ಲಕ್ಕಮ್ಮ ಕಣವ್ವ. ಮನೆಯವ್ರನ್ನ ಮಾರ್ತಿದೀಯಂತೆ? ನಮ್ಮನೇಲೂ ಒಂದು ಐತೆ. ಅದ್ಲುಬದ್ಲು ಮಾಡ್ಕಂಡೀಯಾ?"

ರಂಜನಾ ತಡೆಯಲಾರದೆ ಕಿಸಕ್ಕೆಂದು ನಕ್ಕುಬಿಟ್ಟಳು. "ನಿಮ್ಮದು ಸೋರುತ್ತಾ?"

"ಸೋರಾಕಿಲ್ಲ, ಗೊರಕೆ ಹೊಡೀತದೆ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಗೋಡೆ ನೋಡುತ್ತಾ ಕೂತೆ. ನಗು ನಿಂತ ಮೇಲೆ ಲಕ್ಕಮ್ಮ, "ಅದಿರ್ಲಿ ಕಣವ್ವ, ದಿಟವಾಗ್ಲೂ ಏನು ಮಾರ್ತಿದೀಯ?" ಅಂದರು. ರಂಜನಾ ಎಲ್ಲವನ್ನೂ ಹೇಳಿದಳು.

"ಅರಸೀಕೆರೇಲಾ? ಅಯ್ಯೋ, ನನ್ ಮಗ ರವಿಕುಮಾರಂಗೆ ಅಲ್ಲೇ ರೈಲ್ವೇಲಿ ಕೆಲ್ಸ. ಬಾಡಿಗೆ ಮನೆ ಸಾಕಾಗೋಗೈತೆ ಅವ್ನಿಗೆ. ಭಾನ್ವಾರ ಬತ್ತೀವಿ, ಬೀಗದ ಕೈ ಮಡೀಕ್ಕಂಡಿರು!"

ಭಾನುವಾರ ಅರಸೀಕೆರೆಯ ಮನೆಯಲ್ಲಿ ಲಕ್ಕಮ್ಮ ಒಂದೊಂದು ಗೋಡೆಯನ್ನೂ ಗುದ್ದಿ ನೋಡಿದರು. ಬಾಗಿಲು ತೆಗೆದು ಹಾಕಿ ಮಾಡಿದರು. ಸೋರುವ ಜಾಗವನ್ನು ರಂಜನಾಳೇ ಬೆರಳು ಮಾಡಿ ತೋರಿಸಿದಳು.

"ಹಿಂಗೆ ಹುಳುಕು ಬಾಯ್ಬಿಟ್ಟು ಹೇಳಿ ಮಾರೋರ್ನ ನಾನು ಕಂಡಿಲ್ಲ. ನಂಗೆ ಒಪ್ಗೆ ಕಣವ್ವ" ಎಂದವರೇ ಮಗನ ಕೈಯಿಂದ ಎಲೆ ಅಡಿಕೆಯ ಮೇಲೆ ಮುಂಗಡ ಇಡಿಸಿದರು. ಬೇಲೂರಿನ ಮನೆ ಉಳಿಯಿತು! ಮಲ್ಲಿಗೆ ಉಳಿಯಿತು! ನನಗೆ ಮತ್ತೆ ಜೀವ ಬಂತು. ಬಂದದ್ದೇ ತಡ, ನಾಲಗೆಗೂ ಬಂತು.

"ನೋಡಿದೆಯೇನೇ? ಆ ಎರಡು ಪದ ನಾನು ಹೊಡೆದುಹಾಕದಿದ್ರೆ ಲಕ್ಕಮ್ಮನವರು ಫೋನ್ ಮಾಡ್ತಿದ್ರಾ? ಜಾಹೀರಾತು ಅಂದ್ರೆ ಇದು! ಇದಕ್ಕೆ ತಲೆ ಬೇಕು, ತಲೆ!"

ತಾಂಬೂಲ ಎತ್ತಿಕೊಂಡ ಲಕ್ಕಮ್ಮ ಸಂತೆಯಲ್ಲಿ ಸೊಪ್ಪು ಕೊಂಡವರ ಹಾಗೆ ಸೆರಗೊಡ್ಡಿ ನಿಂತರು.

"ಯಾಪಾರ ಆಯ್ತು. ಕೊಸರಿಗೆ ಏನು ಕೊಟ್ಟೀಯವ್ವ?"

"ಜಾಹೀರಾತಲ್ಲಿ ಹಾಕಿದ್ವಲ್ಲ" ಎಂದು ರಂಜನಾ ನನ್ನ ಕಡೆ ಕೈ ತೋರಿಸಿದಳು. "ತಗೊಂಡು ಹೋಗಿ."

ಲಕ್ಕಮ್ಮ ನನ್ನನ್ನು ಬುಡದಿಂದ ಮೇಲಿನವರೆಗೆ ನೋಡಿದರು. ದೃಷ್ಟಿ ನನ್ನ ಬಣ್ಣದ ತಲೆಯ ಮೇಲೆ ಬಂದು ನಿಂತಿತು.

"ಬ್ಯಾಡ ಕಣವ್ವ, ನೀನೇ ಮಡೀಕ. ಮ್ಯಾಗ್ಲುಕಡೆ ಸೋರೋದು ಒಂದು ತಗಂಡಿದೀನಲ್ಲ, ಸಾಕು!"