ಎಲ್ಲರಿಗೂ ಕಾಣುವ ದಾಳ

ಹಠ ನನ್ನ ಸ್ವಭಾವದಲ್ಲೇ ಇಲ್ಲ ಎಂದು ನಾನು ಬಹಳ ಹಠದಿಂದ ಹೇಳಿಕೊಂಡು ಬಂದವನು. ಆದರೆ ಗಣಿತದ ಮೇಷ್ಟ್ರೊಬ್ಬ ನಾಲ್ಕು ಭಾನುವಾರ ಊಟ ಮರೆತು, ಕಂಪ್ಯೂಟರಿನಲ್ಲಿ ರಾಕ್ಷಸನಿಗೊಂದು ಗುಹೆ ಕಟ್ಟುತ್ತ ಕೂತರೆ ಅದಕ್ಕೆ ಬೇರೆ ಹೆಸರಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ.

ನಮ್ಮದೊಂದು ಆಟ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ. ಬೀಸಿದ ಕತ್ತಿ ತಗುಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ; ಅಂಕಿ ದೊಡ್ಡದಾದಷ್ಟೂ ಒಳ್ಳೆಯದು. ಕಥೆ ಹೇಳುವವನು ನಾನು. ಹಾಸನದ ನಮ್ಮ ಮನೆಯ ಊಟದ ಮೇಜಿಗೆ ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ ಮಂಜೇಗೌಡರು, ಅರಕಲಗೂಡಿನ ಟೀಚರ್ ಸವಿತಾ, ಹೊಳೆನರಸೀಪುರದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ಲೋಕೇಶ, ಮೂವರೂ ಭಾನುವಾರ ಬಸ್ಸು ಹತ್ತಿ ಬರುತ್ತಿದ್ದರು. ನನ್ನೆದುರು ಮಾತ್ರ ಹಳೆಯ ಲಗ್ನಪತ್ರಿಕೆಯ ರಟ್ಟೊಂದು ಅಡ್ಡ ನಿಂತಿರುತ್ತಿತ್ತು. ನನ್ನ ದಾಳ ಬೀಳುತ್ತಿದ್ದದ್ದು ಅದರ ಹಿಂದೆ. ಕಥೆಗಾರನಿಗೆ ಈ ಮರೆ ಆಟದ ನಿಯಮವೇ ಕೊಟ್ಟದ್ದು. ಬಿದ್ದ ಮೂರನ್ನು ಕಥೆಯ ಹಿತದೃಷ್ಟಿಯಿಂದ ಹದಿನೇಳು ಎಂದು ಓದಿದ್ದೂ ಉಂಟು.

ಸವಿತಾಗೆ ಮಗುವಾಯಿತು, ಲೋಕೇಶ ಭಾನುವಾರವೂ ಅಂಗಡಿ ತೆರೆದ. ಆನ್‌ಲೈನಿನಲ್ಲಿ ಆಡೋಣ ಎಂದರು. ನಕ್ಷೆ, ಗೊಂಬೆ, ದಾಳ ಎಲ್ಲವನ್ನೂ ಎಲ್ಲರ ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರ್‌ಗಳಿವೆ, ಒಳ್ಳೆಯದನ್ನು ನಾನು ಆರಿಸುತ್ತೇನೆ ಎಂದೆ. ನಿಜ ಹೇಳಿಬಿಡುತ್ತೇನೆ: ನನಗೆ ಮುಖ್ಯವಾಗಿ ಬೇಕಿದ್ದದ್ದು ಆ ದಾಳ. ಗೌಡರು ತಮ್ಮ ಮನೆಯಲ್ಲಿ ಕೂತು ‘ಇಪ್ಪತ್ತು ಬಿತ್ತು’ ಎಂದರೆ ನೋಡಿದವರಾರು?

ಮೊದಲನೆಯ ಸಾಫ್ಟ್‌ವೇರ್ ತೆರೆದ ಐದೇ ನಿಮಿಷಕ್ಕೆ ಲೋಕೇಶನ ಫೋನು ಇಸ್ತ್ರಿಪೆಟ್ಟಿಗೆಯಾಯಿತು. ಎರಡನೆಯದರಲ್ಲಿ ಇಡೀ ಮಧ್ಯಾಹ್ನ ಕೂತು ಗುಹೆಗೊಂದು ಬಾಗಿಲು ಕೂರಿಸಿದೆ, ತೆರೆಯಿತು, ಮುಚ್ಚಲಿಲ್ಲ. ಮೂರನೆಯದು ಸವಿತಾಳನ್ನು ಒಳಗೇ ಬಿಡಲಿಲ್ಲ.

“ಬಿಡಿ ಸರ್, ಸುಮ್ನೆ ಫೋನಲ್ಲೇ ಮಾತಾಡ್ಕೊಂಡು ಆಡೋಣ” ಎಂದಳು.

“ಬೇಕಾದರೆ ನೀವು ಆಡಿ. ಸರಿಯಾದದ್ದು ಸಿಗುವ ತನಕ ನಾನು ಬಾಯಿ ತೆರೆಯುವವನಲ್ಲ” ಎಂದುಬಿಟ್ಟೆ.

ಅಂದಮೇಲೆ ಹಿಂದೆ ಸರಿಯುವುದುಂಟೆ? ಏಳು ಸಾಫ್ಟ್‌ವೇರ್‌ಗಳಿಗೆ ಉತ್ತರಪತ್ರಿಕೆಗಳಂತೆ ಅಂಕ ಹಾಕಿದೆ. ಕೃಪಾಂಕ ಸೇರಿಸಿದರೂ ಒಂದೂ ಪಾಸಾಗಲಿಲ್ಲ. ಒಳಗೊಳಗೇ ಭಯವಿತ್ತು. ವಾರವಿಡೀ ಬೀಜಗಣಿತ ಕೊರೆಯುವ ನನ್ನ ಮಾತನ್ನು ಕಣ್ಣರಳಿಸಿ ಕೇಳುತ್ತಿದ್ದವರು ಈ ಮೂವರೇ. ಅವರೂ ಕೈತಪ್ಪಿದರೆ ನನ್ನ ಗತಿಯೇನು?

ನಾಲ್ಕನೆಯ ಭಾನುವಾರ ಎಂಟನೆಯದು ಪಾಸಾಯಿತು. ಸಂಭ್ರಮದಿಂದ ಗೌಡರಿಗೆ ಫೋನ್ ಮಾಡಿದೆ.

“ಒಸಿ ತಡೀರಿ ಮೇಷ್ಟ್ರೇ, ರಾಕ್ಷಸನ ಕುತ್ಗೆ ಮ್ಯಾಲೆ ಕತ್ತಿ ಮಡಗಿವ್ನಿ” ಎಂದು ಅವರು ಆಗಲೇ ನಡೆಯುತ್ತಿದ್ದ ಕರೆಯೊಂದಕ್ಕೆ ನನ್ನನ್ನೂ ಸೇರಿಸಿಕೊಂಡರು. ಮೂರು ವಾರದಿಂದ ಮೂವರೂ ಫೋನಿನಲ್ಲೇ ಆಡುತ್ತಿದ್ದರು. ಮಗು ಮಲಗಿದ ಹೊತ್ತಿನಲ್ಲಿ ಸವಿತಾ ಕಥೆ ಹೇಳುತ್ತಿದ್ದಳು.

“ಮತ್ತೆ ದಾಳ?” ನನ್ನ ಬಾಯಿಂದ ಮೊದಲು ಬಂದದ್ದು ಇದೇ.

“ಅವ್ರವ್ರ ಮನೇಲಿ ಆಕ್ಕತೀವಿ, ಬಿದ್ದದ್ದ ಯೋಳ್ತೀವಿ. ಲಾರಿಗಟ್ಲೆ ಕಾಯಿನೇ ಪೋನಲ್ಲಿ ಬಾಯ್ಮಾತಿನ ಮ್ಯಾಲೆ ಕಳಿಸ್ತೀವಿ. ಒಂದು ದಾಳಕ್ಕೆ ಸುಳ್ಳೇಳಾಕಾಯ್ತದಾ?”

ನನಗೆ ನಿಜಕ್ಕೂ ನಾಚಿಕೆಯಾಯಿತು. ನಾನೂ ಒಂದು ಪಾತ್ರವಾಗಿ ಸೇರಬಹುದೇ ಎಂದು ಕೇಳಿದೆ.

“ಬನ್ನಿ ಸರ್, ನಿಮಗೋಸ್ಕರಾನೇ ಕಾಯ್ತಿದ್ವಿ” ಎಂದಳು ಸವಿತಾ.

ಗೌಡರು ಗಂಟಲು ಸರಿಮಾಡಿಕೊಂಡರು. “ಬೇಜಾರ್ ಮಾಡ್ಕಬೇಡಿ ಮೇಷ್ಟ್ರೇ. ನೀವು ಮಾತ್ರ ವಿಡಿಯೋ ಆನ್ ಮಾಡ್ಕಂಡು ದಾಳ ಆಕಿ.”

ಲಗ್ನಪತ್ರಿಕೆಯ ರಟ್ಟನ್ನು ಮಡಿಸಿ ಫೋನಿಗೆ ಒರಗು ಕೊಟ್ಟು, ದಾಳ ಹಾಕಿದೆ. ಮೂರು ಬಿತ್ತು. ಮೂರು ಎಂದೇ ಹೇಳಿದೆ.