ಸಫೇದಿನ ಎರಡು ಸೂರ್ಯೋದಯ

ಬೆರಿಶನ ಪಾಡು ನಾಯಿಪಾಡಾಗಲು ಕಾರಣ ಎಳ್ಳುಕಾಳಿನಷ್ಟು ಗಾತ್ರದ ಎರಡು ಟಿಕ್ ಗುರುತುಗಳು. ಅವನ್ನು ಅವನ ಶತ್ರುಗಳು ಯಾರೂ ಹಾಕಿದ್ದಲ್ಲ. ತಾನೇ ಬರೆದ ಸಾಫ್ಟ್‌ವೇರಿನಲ್ಲಿ, ತನ್ನ ಕೈಯಾರೆ, ನಗುನಗುತ್ತಾ ಅವನೇ ಹಾಕಿದ್ದ.

ಇಸ್ರೇಲಿನ ಸಫೇದಿನಲ್ಲಿ ಮನೆಗಳಿಗಿಂತ ಯಹೂದಿ ಪ್ರಾರ್ಥನಾಮಂದಿರಗಳಾದ ಸಿನಗಾಗುಗಳು ಹೆಚ್ಚು, ಸಿನಗಾಗುಗಳಿಗಿಂತ ಜಗಳಗಳು ಹೆಚ್ಚು. ಅಷ್ಟೂ ಸಿನಗಾಗುಗಳ ಗೋಡೆಯ ಮೇಲೆ ಬೆರಿಶನ ಸಾಫ್ಟ್‌ವೇರು ಮಿನುಗುತ್ತಿತ್ತು. ಸೂರ್ಯ ಎಷ್ಟು ಹೊತ್ತಿಗೆ ಮೂಡುತ್ತಾನೆ, ಎಷ್ಟು ಹೊತ್ತಿಗೆ ಮುಳುಗುತ್ತಾನೆ, ಯಾವ ಪ್ರಾರ್ಥನೆಗೆ ಯಾವ ನಿಮಿಷ ಕಡೆಯದು, ಎಲ್ಲವನ್ನೂ ಅದು ಹೇಳುತ್ತಿತ್ತು. ಅದು ಹೇಳದೆ ಊರಿನ ಕೋಳಿಗಳೂ ಕೂಗುತ್ತಿರಲಿಲ್ಲ ಎಂದರೆ ನೀವು ನಂಬಲೇಬೇಕು.

ಈವರೆಗೆ ಲೆಕ್ಕವೆಲ್ಲ ಸಮುದ್ರಮಟ್ಟದ್ದು. ಆದರೆ ಸಫೇದ್ ಬೆಟ್ಟದ ತಲೆಯ ಮೇಲಿನ ಊರು. ಎತ್ತರದಲ್ಲಿ ನಿಂತವನಿಗೆ ಸೂರ್ಯ ನಾಲ್ಕು ನಿಮಿಷ ಮೊದಲೇ ಕಾಣುತ್ತಾನೆ, ನಾಲ್ಕು ನಿಮಿಷ ತಡವಾಗಿ ಮರೆಯಾಗುತ್ತಾನೆ. ಹೊಸ ಆವೃತ್ತಿಯಲ್ಲಿ ‘ಊರಿನ ಎತ್ತರ ಸೇರಿಸು’ ಎಂಬ ಎರಡು ಚೌಕಗಳಿದ್ದವು, ಸೂರ್ಯೋದಯಕ್ಕೊಂದು, ಸೂರ್ಯಾಸ್ತಕ್ಕೊಂದು. ಬೆರಿಶ್ ಎರಡಕ್ಕೂ ಗುರುತು ಹಾಕಿದ. ಊರಿನ ಗೋಡೆಗಳಿಗೆಲ್ಲ ಅದನ್ನು ಕಳಿಸುವ ಗಡಿಬಿಡಿಯಲ್ಲಿ ಸಂಜೆಯ ಪ್ರಾರ್ಥನೆ ತಪ್ಪಿಹೋಯಿತು. ಯಹೂದಿಗಳ ದಿನ ಸೂರ್ಯ ಮುಳುಗಿದಾಗಲೇ ಶುರು; ಅಂದಿನ ಸಂಜೆಗೇ ಅವನ ಅಪ್ಪನ ಮೊದಲ ವರ್ಷದ ತಿಥಿ ಶುರುವಾಗಿತ್ತು.

ತಿಥಿಯ ದಿನ ಮಗ ಅಪ್ಪನಿಗಾಗಿ ಕದ್ದಿಶ್ ಎಂಬ ಸ್ತುತಿ ಹೇಳಬೇಕು. ಕದ್ದಿಶಿಗೆ ಹತ್ತು ಜನ ಗಂಡಸರು ಸೇರಬೇಕು. ಒಂಬತ್ತು ಜನ ಮಹಾಜ್ಞಾನಿಗಳು ಕೂತಿದ್ದರೂ ಆಗದು. ಹತ್ತನೆಯವನು ದಡ್ಡನಾದರೂ ಬೇಕು. ಸಂಜೆಯದು ತಪ್ಪಿದರೇನು, ಬೆಳಗ್ಗೆ ಹೇಳಿದರಾಯಿತೆಂದು ಬೆರಿಶ್ ಉಪವಾಸ ಹಿಡಿದು, ಹೆಂಡತಿ ತೀರ್ತ್ಸಾ ಮಾಡಿಕೊಟ್ಟ ಜೇನಿನ ಕೇಕು ಹೊತ್ತು, ನಸುಕಿನಲ್ಲೇ ಸಿನಗಾಗಿಗೆ ಹೋದ.

ಅಲ್ಲಿ ಸೇರುವವರು ಸೂರ್ಯ ಮೂಡುವ ಕ್ಷಣಕ್ಕೇ ಎದ್ದುನಿಂತು ಮುಖ್ಯ ಪ್ರಾರ್ಥನೆ ಶುರುಮಾಡುವ ನಿಷ್ಠರು. ಒಂದು ಕ್ಷಣ ಹಿಂದಾದರೂ ಒಪ್ಪರು, ಮುಂದಾದರೂ ಒಪ್ಪರು.

“ಆರು ಮೂವತ್ನಾಲ್ಕಾ?” ಗೋಡೆ ನೋಡಿ ಬೇಕರಿಯ ಓಶರ್ ಗುಡುಗಿದ. “ನಿನ್ನೆ ಮೂವತ್ತೆಂಟಕ್ಕೆ ಹುಟ್ಟಿದ ಸೂರ್ಯ ಇವತ್ತು ಯಾವ ಬಸ್ ಹಿಡಿದ?”

“ಬೆಟ್ಟದ ಮೇಲಿದೀವಿ ಕಣಯ್ಯ,” ಎಂದರು ಮುದುಕ ಫೈವಿಶ್. ನಲವತ್ತು ವರ್ಷ ಭೂಮಿ ಅಳೆದು ನಿವೃತ್ತರಾದ ಸರ್ವೇಯರು ಅವರು. “ಕಣ್ಣಿಗೆ ಕಂಡಿದ್ದೇ ಸೂರ್ಯ. ಹುಡುಗ ಈಗ ಸರಿ ಮಾಡಿದಾನೆ.”

“ನಮ್ಮಪ್ಪ, ನಮ್ಮಜ್ಜ ಮೂವತ್ತೆಂಟಕ್ಕೇ ಮಾಡಿದ್ದು!”

“ನಿಮ್ಮಜ್ಜ ಒಲೆ ಮುಂದೆ ಕೂತಿದ್ದ, ಅವನಿಗೇನು ಗೊತ್ತು ಸೂರ್ಯ?”

ಅಜ್ಜನ ಮಾತು ಬಂದ ಮೇಲೆ ಕೇಳಬೇಕೆ? ಓಶರನ ಕಡೆಯವರು ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಹೆಂಗಸರು ಕೂರುವ ಮೇಲಟ್ಟಕ್ಕೆ ದಡದಡ ಏರಿದರು. ಫೈವಿಶರ ಕಡೆಯವರು ಕೆಳಗೆ ಉಳಿದರು. ಅಂದು ಬಂದಿದ್ದವರು ಹತ್ತೊಂಬತ್ತು ಜನ. ಮೇಲೆ ಎಣಿಸಿದರೆ ಒಂಬತ್ತು. ಕೆಳಗೆ ಎಣಿಸಿದರೆ ಒಂಬತ್ತು. ಉಳಿದ ಒಬ್ಬ ಬೆರಿಶ್.

“ಬೆರಿಶ್, ಮೇಲೆ ಬಾರೋ! ನಿಮ್ಮಪ್ಪ ನನ್ನ ಬೇಕರಿ ಬ್ರೆಡ್ ತಿಂದು ಬದುಕಿದೋರು!”

“ಕೆಳಗಿಳಿಯೋ! ಗುರುತು ಹಾಕಿದೋನು ನೀನು, ನೀನೇ ಓಡಿಹೋದ್ರೆ ಹ್ಯಾಗೆ?”

ಬೆರಿಶ್ ಮೆಟ್ಟಿಲ ನಡುವೆ ಅಡಕತ್ತರಿಗೆ ಸಿಕ್ಕಿದ ಅಡಿಕೆಯಾದ. ಒಂದು ಮೆಟ್ಟಿಲು ಹತ್ತುವನು, ಕೆಳಗಿನಿಂದ ಒಂಬತ್ತು ಕಂಠ ಮೊಳಗುವವು. ಎರಡು ಇಳಿಯುವನು, ಮೇಲಿನಿಂದ ಒಂಬತ್ತು ಗಡ್ಡಗಳು ಬಾಗಿ ಶಾಪ ಹಾಕುವವು. ತಾನು ಏರುತ್ತಿದ್ದೇನೋ ಇಳಿಯುತ್ತಿದ್ದೇನೋ ಅವನಿಗೇ ತಿಳಿಯದಾಯಿತು. ಅಷ್ಟರಲ್ಲಿ ಸೂರ್ಯ ಯಾರ ಅಪ್ಪಣೆಯನ್ನೂ ಕೇಳದೆ ಮೂಡಿಯೇ ಬಿಟ್ಟ. ಎರಡು ಪಂಗಡದವರೂ ಒಬ್ಬೊಬ್ಬರೇ ಮೂಲೆ ಹಿಡಿದು ಪ್ರಾರ್ಥನೆ ಮುಗಿಸಿದರು. ಕದ್ದಿಶ್ ಇಲ್ಲ.

ಆದರೆ ಕೇಕಿನ ವಿಷಯದಲ್ಲಿ ಪಂಗಡವೇ ಇರಲಿಲ್ಲ. ಹದಿನೆಂಟೂ ಜನ ಭುಜಕ್ಕೆ ಭುಜ ತಾಗಿಸಿ ನಿಂತು, “ನಿಮ್ಮಪ್ಪನ ಆತ್ಮ ಮೇಲೇರ್ಲಿ” ಎಂದು ಹರಸುತ್ತ ಚೂರೂ ಬಿಡದೆ ತಿಂದರು. ಉಪವಾಸದ ಬೆರಿಶ್ ಖಾಲಿ ಡಬ್ಬಿಯ ವಾಸನೆ ನೋಡಿದ.

ಅಲ್ಲಿಂದ ಕೆಳಗಿನ ಓಣಿಯ ಮೊರೊಕ್ಕೋದವರ ಸಿನಗಾಗಿಗೆ ಓಡಿದ. ಬಾಗಿಲಲ್ಲೇ ಅಲ್ಲಿನ ಉಸ್ತುವಾರಿ ಮಸೂದ್ ಅಡ್ಡ ನಿಂತ.

“ಆ ಗುರುತು ಹಾಕಿದ ಮಹಾನುಭಾವ ನೀನೇನಾ?”

“ಹೌದು... ಯಾಕೆ?”

“ನಮ್ಮಲ್ಲಿ ಎಂಟು ಜನ ಒಳಗೆ, ಏಳು ಜನ ಅಂಗಳದಲ್ಲಿ. ಮೂವತ್ತು ವರ್ಷದಿಂದ ಜೊತೆಗಿದ್ದ ಭಾವಮೈದ ನನ್ನ ಜೊತೆ ಮಾತು ಬಿಟ್ಟಿದಾನೆ. ಈಗ ನೀನಾಗೇ ಹೋಗ್ತೀಯೋ, ನಾನು ಕಳಿಸ್ಲೋ?”

ಊರಿನಲ್ಲಿ ಎಲ್ಲಿ ಹೋದರೂ ಅದೇ ಕತೆ. ಅಷ್ಟು ದೊಡ್ಡ ಊರಿನಲ್ಲಿ ಏಳು ಎಂಟಾಗಿ ಗಂಡಸರು ರಾಶಿ ಬಿದ್ದಿದ್ದರು, ಬೆರಿಶ್ ಸೇರಿದರೂ ಹತ್ತು ಮಾತ್ರ ಎಲ್ಲೂ ಆಗುತ್ತಿರಲಿಲ್ಲ. ತೀರ್ಮಾನ ಕೊಡಬೇಕಾದ ಧರ್ಮಗುರು ರಬ್ಬಿ ಮೊಮ್ಮಗನ ಮದುವೆಗೆಂದು ದೂರದ ಆಂಟ್ವರ್ಪಿಗೆ ಹೋಗಿ ಫೋನು ಆರಿಸಿ ಕೂತಿದ್ದರು. ತಲೆಯಲ್ಲಿ ಎರಡು ಸೂರ್ಯ, ಹೊಟ್ಟೆಯಲ್ಲಿ ಶೂನ್ಯ ಹೊತ್ತು ಬೆರಿಶ್ ಮನೆಗೆ ಬಂದು ಕುಸಿದ.

“ಮಧ್ಯಾಹ್ನದ ಪ್ರಾರ್ಥನೆ ಒಂದೇ ಉಳಿದಿರೋದು ತೀರ್ತ್ಸಾ. ಅದೂ ಹೋದ್ರೆ ಅಪ್ಪನಿಗೆ ಈ ವರ್ಷ ಕದ್ದಿಶೇ ಇಲ್ಲ.”

“ಇಷ್ಟು ಗಣಿತ ಓದಿ ಏನ್ರೀ ಬಂತು?” ಎಂದಳು ತೀರ್ತ್ಸಾ, ಬಟ್ಟೆ ಮಡಿಸುತ್ತಲೇ. “ಬೆಳಗ್ಗೆ ಕ್ಷಣಕ್ಕೆ ಕ್ಷಣ ಕೂಡ್ಬೇಕು, ಸರಿ. ಮಧ್ಯಾಹ್ನದ್ದು ಸೂರ್ಯ ಮುಳುಗೋದ್ರೊಳಗೆ ಮುಗಿದ್ರೆ ಸಾಕಲ್ವಾ? ನಾಲ್ಕೂವರೆಗೇ ಮಾಡಿ. ಅವರ ಸೂರ್ಯನೂ ಮುಳುಗಿರಲ್ಲ, ಇವರ ಸೂರ್ಯನೂ ಮುಳುಗಿರಲ್ಲ.”

ಬೆರಿಶ್ ಹೆಂಡತಿಯ ಮುಖವನ್ನು ಮದುವೆಯಾದ ಮೇಲೆ ಮೊದಲ ಸಲ ನೋಡುವವನಂತೆ ನೋಡಿ, ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿದ.

ಫೈವಿಶರು ಒಪ್ಪಿದರು. ಓಶರ್ ಮಾತ್ರ ಹಿಟ್ಟು ಮೆತ್ತಿದ ಕೈಯನ್ನು ಸೊಂಟದ ಮೇಲಿಟ್ಟ.

“ಬರ್ತೀನಿ. ಆದ್ರೆ ಗೋಡೆ ಮೇಲೆ ಸೂರ್ಯಾಸ್ತಕ್ಕೆ ನಮ್ಮ ಲೆಕ್ಕಾನೇ ಕಾಣ್ಬೇಕು. ಆ ಗುರುತು ತೆಗಿ.”

“ತೆಗೀಲಿ, ಬೇಗ ಮುಳುಗಿದ್ರೆ ನಮಗೇನು ನಷ್ಟ?” ಎಂದರು ಫೈವಿಶ್. “ಆದ್ರೆ ಸೂರ್ಯೋದಯದ ಗುರುತು ಮುಟ್ಟಿದ್ರೆ ಬೆರಳು ಉಳಿಯಲ್ಲ.”

“ಅದನ್ನ ನಾಳೆ ನೋಡ್ಕೊಳ್ಳೋಣ. ನಾಳೆ ಇವರಪ್ಪನ ತಿಥಿ ಇಲ್ವಲ್ಲ, ನಿಧಾನವಾಗಿ ಜಗಳ ಆಡ್ಬಹುದು.”

ಹದಿನೆಂಟು ಜನರೆದುರು ಬೆರಿಶ್ ಸೂರ್ಯಾಸ್ತದ ಗುರುತು ತೆಗೆದ. ಸೂರ್ಯ ಮುಳುಗುವ ಹೊತ್ತು ಐದು ಗಂಟೆ ಎರಡು ನಿಮಿಷದಿಂದ ನಾಲ್ಕು ಐವತ್ತೆಂಟಕ್ಕೆ ಜಾರಿತು. ಹಿಂದೆಂದೂ ಜಗಳವೇ ಆಡದವರಂತೆ ಎಲ್ಲರೂ ಒಟ್ಟಿಗೆ ನಿಂತರು. ಬೆರಿಶ್ ಕದ್ದಿಶ್ ಹೇಳಿದ. ಹದಿನೆಂಟು ಕಂಠಗಳ ಆಮೆನ್ ಎದ್ದಾಗ ಎದುರು ಬೆಟ್ಟದ ಕುರಿಗಳು ಬೆಚ್ಚಿದವಂತೆ. ಅವನ ಕಣ್ಣು ತುಂಬಿ ಬಂತು. ಅಪ್ಪನ ಋಣದಲ್ಲಿ ಒಂದಿಷ್ಟಾದರೂ ತೀರಿತು.

ಕತ್ತಲಾಗಿ, ಉಪವಾಸ ಬಿಡಲು ಕಾಣಬೇಕಾದ ಮೂರು ನಕ್ಷತ್ರ ಕಂಡವು. ಉಪವಾಸ ಮುಗಿಯಿತು. ಬೆರಿಶ್ ಉಪ್ಪುಮೀನಿನ ತುಂಡೊಂದನ್ನು ಬ್ರೆಡ್ಡಿನ ಮೇಲಿಟ್ಟು ಬಾಯಿ ತೆರೆದ. ಆಗ, ನಕ್ಷತ್ರ ಕಾಣುವವರೆಗೂ ಹಳೆಯ ದಿನವನ್ನೇ ತೋರಿಸುವ ಗೋಡೆಯ ಪರದೆ ಹೊಸ ದಿನಕ್ಕೆ ತಿರುಗಿತು. ದಿನ ಬದಲಾದಾಗ ಆ ದಿನದ ತಿಥಿಗಳ ಹೆಸರನ್ನೂ ಅದು ತೋರಿಸುತ್ತಿತ್ತು. ಅಂದು ತೋರಿಸಿದ್ದು ಒಂದೇ ಹೆಸರು.

“ಇದು ನಿಮ್ಮಪ್ಪ ಅಲ್ವೇನೋ?” ಎಂದರು ಫೈವಿಶ್.

ತುಂಡು ಬೆರಿಶನ ಬಾಯಿಯ ಹೊರಗೇ ನಿಂತಿತು. ಅಪ್ಪ ಕಣ್ಣು ಮುಚ್ಚಿದ್ದು ಸಂಜೆ ಸರಿಯಾಗಿ ಐದಕ್ಕೆ. ನರ್ಸು ಹಾಗೆಂದೇ ಬರೆದುಕೊಟ್ಟಿದ್ದಳು. ಸೂರ್ಯ ಮುಳುಗಿದರೆ ತಾರೀಖು ಬದಲು. ಅಂದಿನ ಸೂರ್ಯ ಐದು ಗಂಟೆ ಎರಡು ನಿಮಿಷಕ್ಕೆ ಮುಳುಗಿದ್ದರೆ ಅಪ್ಪ ಸತ್ತದ್ದು ಈಗಷ್ಟೇ ಮುಗಿದ ತಾರೀಖಿನಲ್ಲಿ. ನಾಲ್ಕು ಐವತ್ತೆಂಟಕ್ಕೆ ಮುಳುಗಿದ್ದರೆ ಈಗಷ್ಟೇ ಶುರುವಾದ ತಾರೀಖಿನಲ್ಲಿ. ಒಂದು ಗುರುತು ತೆಗೆದದ್ದಕ್ಕೆ ಸಾಫ್ಟ್‌ವೇರು ನಿಷ್ಠೆಯಿಂದ ಅಪ್ಪನ ಸಾವನ್ನೂ ಎತ್ತಿ ಆಚೆ ಇಟ್ಟಿತ್ತು.

“ಹಾಗಾದ್ರೆ ಇವತ್ತಿಂದು?” ಬೆರಿಶ್ ತೊದಲಿದ. “ಉಪವಾಸ, ಕದ್ದಿಶ್...”

“ಇವತ್ತಿಂದು ತಾಲೀಮು ಅನ್ಕೊ,” ಎಂದ ಓಶರ್ ಸಮಾಧಾನದ ದನಿಯಲ್ಲಿ.

“ಆ ಗುರುತು ಮತ್ತೆ ಹಾಕ್ಬಿಡ್ತೀನಿ!”

“ಹಾಕು. ನಾವು ಒಂಬತ್ತು ಜನ ಈಗ್ಲೇ ಎದ್ವಿ.”

ಫೈವಿಶರು ಬೆರಿಶನ ಬೆನ್ನು ಸವರಿದರು. “ಹೋಗ್ಲಿ ಬಿಡೋ. ನಾಳೆ ಬೆಳಗ್ಗೆ ಹೇಳಿದ್ರಾಯ್ತು. ಆರು ಮೂವತ್ನಾಲ್ಕಕ್ಕೆ ಬಂದ್ಬಿಡು.”

“ಮೂವತ್ತೆಂಟಕ್ಕೆ!” ಎಂದ ಓಶರ್.

ಮತ್ತೆ ಒಂಬತ್ತು ಈ ಕಡೆ, ಒಂಬತ್ತು ಆ ಕಡೆ. ಅಷ್ಟರಲ್ಲಿ ಬೆರಿಶನ ಜೇಬಿನ ಫೋನು ಹೊಡೆದುಕೊಂಡಿತು.

“ಏನ್ರೀ, ಇನ್ನೂ ಅಲ್ಲೇನಾ?” ಎಂದಳು ತೀರ್ತ್ಸಾ. “ಊಟ ಆರ್ತಿದೆ. ಮಾವನವರ ತಿಥಿ ಮುಗೀತು ತಾನೆ?”

“ಎಲ್ಲಿ ಮುಗೀತೇ,” ಎಂದ ಬೆರಿಶ್, “ಅಪ್ಪ ಈಗ ತಾನೇ ತೀರ್ಕೊಂಡ್ರು.”