ಭಾವನವರು ಸಾಕಿಕೊಂಡ ಮಿಡ್‌ಫೀಲ್ಡರ್

ನಮ್ಮ ಭಾವನವರಿಗೆ ಮೂರು ಮಕ್ಕಳು. ಇಬ್ಬರನ್ನು ನಮ್ಮಕ್ಕ ಹೆತ್ತಿದ್ದಾಳೆ. ಮೂರನೆಯವನು ಪೋರ್ಚುಗಲ್ಲಿನವನು!

ಹುಬ್ಬೇರಿಸಬೇಡಿ. ಭಾವನವರು ಪೋರ್ಚುಗಲ್ಲಿಗೆ ಕಾಲಿಟ್ಟವರೇ ಅಲ್ಲ. ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಿಂದ ಆಫೀಸು, ಆಫೀಸಿನಿಂದ ಇಂಡಿಯನ್ ಗ್ರೋಸರಿ, ಅಲ್ಲಿಂದ ಮನೆ. ಅವರ ಭೂಪಟ ಇಷ್ಟೇ. ಮೂರನೆಯ ಮಗ ವೃತ್ತಿಯಿಂದ ಫುಟ್‌ಬಾಲ್ ಆಟಗಾರ. ಮಿಡ್‌ಫೀಲ್ಡರ್. ಅಂದರೆ ಮೈದಾನದ ನಡುಭಾಗದಲ್ಲಿ ಓಡಾಡಿಕೊಂಡು, ಹಿಂದಿನವರಿಂದ ಚೆಂಡು ಇಸಿದುಕೊಂಡು ಮುಂದಿನವರಿಗೆ ದಾಟಿಸುವವನು. ಗೋಲು ಬಿದ್ದರೆ ಹೆಸರು ಮುಂದಿನವನಿಗೆ, ಚೆಂಡು ತಪ್ಪಿದರೆ ಬೈಗುಳ ಇವನಿಗೆ. ನ್ಯೂಜೆರ್ಸಿಯಲ್ಲಿ ತನಗೊಬ್ಬ ಕನ್ನಡದ ತಂದೆ ಇದ್ದಾನೆಂಬ ಸಂಗತಿ ಪಾಪ ಆ ಹುಡುಗನಿಗೆ ಗೊತ್ತಿರಲಿಲ್ಲ, ಅಷ್ಟೆ.

ಇದು ಶುರುವಾದದ್ದು ಹದಿಮೂರು ವರ್ಷದ ಹಿಂದೆ. ಭಾವನವರು ಏನೋ ಕೆಲಸಕ್ಕೆಂದು ನ್ಯೂವಾರ್ಕಿಗೆ ಹೋಗಿದ್ದರು. ಅಲ್ಲಿ ಪೋರ್ಚುಗೀಸರದೇ ಒಂದು ಕೇರಿ ಇದೆ. ಮೂಳೆ ಕೊರೆಯುವ ಚಳಿ. ಪಾರ್ಕಿಂಗ್ ಸಿಕ್ಕದೆ ಹತ್ತು ಬ್ಲಾಕ್ ನಡೆದು ಸುಸ್ತಾಗಿ, ಕಾಫಿ ಕುಡಿಯಲು ಒಂದು ಬೇಕರಿಗೆ ನುಗ್ಗಿದರು. ಗೋಡೆಯ ಟೀವಿಯಲ್ಲಿ ಮ್ಯಾಚು. ಆಟ ಮುಗಿಯಲು ನಾಲ್ಕು ನಿಮಿಷ ಇರುವಾಗ ಹತ್ತೊಂಬತ್ತರ ಸಣಕಲ ಹುಡುಗನೊಬ್ಬ ಮೈದಾನಕ್ಕೆ ಇಳಿದ. ಒಂದೇ ಒಂದು ಸಲ ಚೆಂಡು ಮುಟ್ಟಿದ. ಪಕ್ಕದ ಕುರ್ಚಿಯಲ್ಲಿದ್ದ ಮುದುಕ ಭಾವನವರ ಕೈ ಹಿಡಿದುಕೊಂಡು, "ನಮ್ಮೂರ ಹುಡುಗ, ಇವತ್ತೇ ಇವನ ಮೊದಲ ಆಟ" ಎಂದು ಕಣ್ಣೊರೆಸಿಕೊಂಡನಂತೆ. ಬೇರೆ ಯಾರಾದರೂ ಆಗಿದ್ದರೆ ಕಾಫಿ ಮುಗಿಸಿ ಎದ್ದು ಬರುತ್ತಿದ್ದರು. ನಮ್ಮ ಭಾವನವರು ಹುಡುಗನನ್ನು ದತ್ತು ತೆಗೆದುಕೊಂಡೇ ಬಂದರು!

ಅಂದಿನಿಂದ ನಮ್ಮೆಲ್ಲರ ಭೂಗೋಳದ ಜ್ಞಾನ ಬೆಳೆಯಿತು. ಹುಡುಗ ದೊಡ್ಡ ತಂಡದಿಂದ ಸಣ್ಣ ತಂಡಕ್ಕೆ, ಅಲ್ಲಿಂದ ಇನ್ನೂ ಸಣ್ಣದಕ್ಕೆ ಇಳಿಯುತ್ತ ಸೈಪ್ರಸ್ಸಿಗೆ ಹೋದ, ಪೋಲೆಂಡಿಗೆ ಹೋದ. ಭಾವನವರು ಬೆಳಗ್ಗೆ ಎದ್ದು ನೋಡುತ್ತಿದ್ದದ್ದು ಪೋಲೆಂಡಿನ ಹವಾಮಾನವನ್ನು.

"ಅಲ್ಲಿ ಮೈನಸ್ ಹದಿನಾಲ್ಕಂತೆ ಕಣೇ. ಏನು ಮಾಡ್ತಾನೋ ಏನೋ!"

"ಗ್ಲೌಸ್ ಹಾಕ್ಕೋತಾನೆ," ಅನ್ನುತ್ತಿದ್ದಳು ಅಕ್ಕ. "ನೀವು ಮೊದ್ಲು ನಮ್ ಕಾರಿನ ಮೇಲಿರೋ ಸ್ನೋ ತೆಗೀರಿ."

ಒಂದು ಸಲ ಗಣೇಶನ ಹಬ್ಬದ ಊಟಕ್ಕೆ ಅಕ್ಕನ ಮನೆಯಲ್ಲಿ ಎಂಟು ಹತ್ತು ಸಂಸಾರ ಸೇರಿತ್ತು. ಭಾವನವರು ಒಂದು ಮೂಲೆಯಲ್ಲಿ ಸಪ್ಪಗೆ ಕೂತಿದ್ದರು. ಓಲ್ಡ್ ಬ್ರಿಡ್ಜಿನಿಂದ ಬಂದಿದ್ದ ಅಂಕಲ್ ಒಬ್ಬರು ಏನು ವಿಷಯ ಎಂದು ವಿಚಾರಿಸಿದರು.

"ನಮ್ ಹುಡುಗ ಐದು ವಾರದಿಂದ ಬೆಂಚ್ ಮೇಲಿದ್ದಾನೆ ಸಾರ್."

ಐಟಿಯವರ ಪಂಕ್ತಿಯಲ್ಲಿ ಆಡಬಾರದ ಮಾತು ಅದು! ಫುಟ್‌ಬಾಲಿನಲ್ಲಿ ಬೆಂಚ್ ಎಂದರೆ ಆಟಕ್ಕಿಳಿಸದೆ ಕೂರಿಸುವುದು; ನಮ್ಮಲ್ಲಿ ಕೆಲಸ ಹೋಗುವುದಕ್ಕೆ ಮುಂಚಿನ ನಿಲ್ದಾಣ. ಎಲ್ಲರ ಕೈಯಲ್ಲೂ ತುತ್ತು ಹಾಗೇ ನಿಂತಿತು.

"ಅಯ್ಯೋ! ವೀಸಾ ಸ್ಟೇಟಸ್ ಏನು?"

"ವೀಸಾ ಏನೂ ತೊಂದ್ರೆ ಇಲ್ಲ. ಹೊಸ ಮ್ಯಾನೇಜರ್‌ಗೆ ಇವನನ್ನ ಕಂಡರಾಗಲ್ಲ."

"ಎಲ್ಲಾ ಕಡೆ ಇದೇ ಕಥೆ ಬಿಡಿ. ನೀವೊಂದು ಕೆಲಸ ಮಾಡಿ, ರೆಸ್ಯೂಮೆ ಕಳಿಸಿ. ನಮ್ ಟೀಮಲ್ಲಿ ಓಪನಿಂಗ್ ಇದೆ. ಮೇನ್ ಸ್ಕಿಲ್ ಏನು?"

ಭಾವನವರು ಪಾಯಸದ ಬಟ್ಟಲು ಕೆಳಗಿಟ್ಟರು. ಸ್ವಲ್ಪ ಯೋಚಿಸಿದರು. ಆಮೇಲೆ ಹೆಮ್ಮೆಯಿಂದ ಹೇಳಿದರು:

"ಎಡಗಾಲು."

ಆ ಎಡಗಾಲಿನದೇ ಮಂಡಿ ಮರುವರ್ಷ ಕೈಕೊಟ್ಟಿತು. ಆಪರೇಷನ್ ಆಯಿತು. ಅಕ್ಕ ಬರುವುದಿಲ್ಲ ಎಂದದ್ದರಿಂದ ಭಾವನವರು ನನ್ನನ್ನು ಹೊರಡಿಸಿಕೊಂಡು ದೇವಸ್ಥಾನಕ್ಕೆ ಹೋದರು. ಅರ್ಚನೆಗೆ ನಿಂತ ಭಟ್ಟರು ಹೆಸರು ಕೇಳಿದರು. ಭಾವನವರು ಹೇಳಿದರು. ಭಟ್ಟರು ಮೂರು ಸಲ ಪ್ರಯತ್ನಪಟ್ಟು, ಅಕ್ಷತೆಯ ಮೇಲೆ ಭಾರ ಹಾಕಿ ಮುಂದಕ್ಕೆ ಹೋದರು.

"ನಕ್ಷತ್ರ?"

"ಸ್ವಾತಿ." ಹುಟ್ಟಿದ ದಿನವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಮೊದಲೇ ಪಂಚಾಂಗ ನೋಡಿಸಿಟ್ಟಿದ್ದರು, ಪುಣ್ಯಾತ್ಮರು!

"ಗೋತ್ರ?"

ಭಾವನವರು ತಡವರಿಸಿದರು. ನಾನು ದುಪಟ್ಟಾ ಬಾಯಿಗೆ ತುರುಕಿಕೊಂಡೆ.

"ನಮ್ದೇ ಹಾಕ್ಬಿಡಿ. ಅವರ ಕಡೆಯೋರು ಏನೂ ಅಂದ್ಕೊಳ್ಳಲ್ಲ."

ಹೀಗೆ ಕ್ಯಾಥೊಲಿಕ್ ಹುಡುಗನೊಬ್ಬ ಕಾಶ್ಯಪ ಗೋತ್ರಕ್ಕೆ ಸೇರಿ, ಎಂಟು ತಿಂಗಳಿಗೆ ಎದ್ದು ಓಡತೊಡಗಿದ. ಇದರಲ್ಲಿ ಡಾಕ್ಟರದು ಅರ್ಧ ಪಾಲು ಮಾತ್ರ ಎಂದು ಭಾವನವರು ಈಗಲೂ ವಾದಿಸುತ್ತಾರೆ.

ಮನೆಯಲ್ಲಿ ಇದನ್ನು ನೇರವಾಗಿ ಪ್ರಶ್ನಿಸಿದವಳು ಹೈಸ್ಕೂಲಿನಲ್ಲಿರುವ ಅಕ್ಕನ ಮಗಳು. ಒಂದು ಶನಿವಾರ ಹುಡುಗ ಸುಲಭದ ಚೆಂಡೊಂದನ್ನು ಎದುರಾಳಿಗೇ ಒಪ್ಪಿಸಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಅಪ್ಪಾ, ಹೀ ಈಸ್ ನಾಟ್ ಈವನ್ ದಟ್ ಗುಡ್!"

ಅಡುಗೆಮನೆಯಲ್ಲಿ ಅಕ್ಕ ಸೌಟು ಆಡಿಸುವುದನ್ನು ನಿಲ್ಲಿಸಿದಳು. ಭಾವನವರು ಟೀವಿಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ಪುಟ್ಟಾ," ಅಂದರು. "ತುಂಬಾ ಚೆನ್ನಾಗಿ ಆಡೋರನ್ನ ನೋಡೋಕೆ ಲಕ್ಷ ಜನ ಇದ್ದಾರಲ್ಲ."

ಕಳೆದ ವರ್ಷ ಒಂದು ದಿನ ಆಫೀಸಿನಿಂದಲೇ ಫೋನು. "ಬರ್ತಿದ್ದಾನೆ!" ಭಾವನವರ ದನಿಗೆ ಹೆದರಿ ಅಕ್ಕ, "ಯಾರ್ರೀ? ಪೊಲೀಸಾ?" ಎಂದು ಕೇಳಿದಳಂತೆ. ಬರುತ್ತಿದ್ದವನು ಆ ಹುಡುಗ. ಈಗ ಹುಡುಗನೇನಲ್ಲ, ಮೂವತ್ತೊಂದು ತುಂಬಿತ್ತು. ಮಂಡಿ ಸವೆದಿತ್ತು. ಯೂರೋಪಿನಲ್ಲಿ ಯಾರಿಗೂ ಬೇಡವಾಗಿ, ನಮ್ಮ ನ್ಯೂಜೆರ್ಸಿಯಲ್ಲಿ ಕಾಲೇಜು ಮೈದಾನದಲ್ಲಿ ಆಡುವ ಚಿಕ್ಕ ತಂಡವೊಂದಕ್ಕೆ ಸೇರಿದ್ದ. ಕಾಲೇಜಿಗೆಂದು ಊರು ಬಿಟ್ಟಿದ್ದ ಮಗನ ಕೋಣೆಗೆ ಭಾವನವರು ಹೊಸ ಬೆಡ್‌ಶೀಟ್ ಹಾಸಿಸಿದರು.

"ರೀ, ಅವನಿಗೆ ಟೀಮಿನೋರೇ ಮನೆ ಕೊಟ್ಟಿರ್ತಾರೆ ಕಣ್ರೀ!"

"ಇರ್ಲಿ ಬಿಡು. ಅಕಸ್ಮಾತ್ ಬಂದ್ರೆ."

ಆ ಸೀಸನ್ನಿನ ಒಂದು ಆಟವನ್ನೂ ಅವರು ತಪ್ಪಿಸಲಿಲ್ಲ. ಆದರೆ ಒಂದು ದಿನವೂ ಅವನ ಹತ್ತಿರ ಸುಳಿಯಲಿಲ್ಲ! ಮೇಲಿನ ಸಾಲಿನಲ್ಲಿ ಕೂತು ನೋಡಿ, ಎದ್ದು ಬರುವುದು. ಇಷ್ಟು ವರ್ಷ ಬಿಡುವಾದಾಗಲೆಲ್ಲ ನ್ಯೂವಾರ್ಕಿನ ಆ ಬೇಕರಿಗೆ ಹೋಗಿ, ಮುದುಕರ ಜೊತೆ ಕೂತು ಒಂದಿಷ್ಟು ಪೋರ್ಚುಗೀಸ್ ಕಲಿತಿದ್ದರು; ಅದನ್ನು ಯಾವಾಗ ಖರ್ಚು ಮಾಡುತ್ತೀರಿ ಎಂದು ನಾನು ಛೇಡಿಸಿದರೆ, "ಸೀಸನ್ ಮಧ್ಯದಲ್ಲಿ ಡಿಸ್ಟರ್ಬ್ ಮಾಡಬಾರದಮ್ಮಾ" ಅನ್ನುತ್ತಿದ್ದರು.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಅವನ ಕೊನೆಯ ಆಟ. ಅಕ್ಕನಿಗೆ ಜ್ವರ; ಜೊತೆಗೆ ನಾನು ಹೋದೆ. ಮೈದಾನದ ಸುತ್ತ ಮದುವೆ ಮನೆಯ ಒಂದು ಪಂಕ್ತಿಗೆ ಆಗುವಷ್ಟು ಜನ. ತೊಂಬತ್ತು ನಿಮಿಷವೂ ಓಡಿದ. ಸೋತರು. ಜೊತೆಯವರು ಬೆನ್ನು ತಟ್ಟಿ ತಮ್ಮ ತಮ್ಮ ಕಾರು ಹತ್ತಿದರು. ಭಾಷಣವಿಲ್ಲ, ಹಾರವಿಲ್ಲ. ನಾವು ಪಾರ್ಕಿಂಗ್ ಲಾಟಿಗೆ ಬಂದರೆ ಅಲ್ಲಿ ಕಟ್ಟೆಯ ಅಂಚಿನಲ್ಲಿ ಅವನೊಬ್ಬನೇ ಕೂತಿದ್ದ. ಮಂಡಿಯ ಮೇಲೆ ಐಸಿನ ಚೀಲ, ಕೈಯಲ್ಲಿ ಫೋನು. ಕರೆಸಿದ್ದ ಕಾರು ಕ್ಯಾನ್ಸಲ್ ಆಗಿತ್ತೆಂದು ಆಮೇಲೆ ತಿಳಿಯಿತು.

ಭಾವನವರು ಕಾರಿನ ಪಕ್ಕದಲ್ಲೇ ನಿಂತುಬಿಟ್ಟರು. ನಾನು ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ನೂಕಿದೆ. ಹತ್ತಿರ ಹೋಗಿ ಪೋರ್ಚುಗೀಸಿನಲ್ಲಿ ಏನೋ ಹೇಳಿದರು. ನನಗೆ ಅರ್ಥವಾದದ್ದು ನ್ಯೂವಾರ್ಕ್ ಅನ್ನುವುದೊಂದೇ. ಅವನು ತಲೆಯೆತ್ತಿ ಇಂಗ್ಲಿಷಿನಲ್ಲಿ ಕೇಳಿದ:

"ಯೂ ಆರ್ ಗೋಯಿಂಗ್ ಟು ನ್ಯೂವಾರ್ಕ್?"

"ಯೆಸ್, ಯೆಸ್!" ಅಂದರು ಭಾವನವರು. ನಮ್ಮ ಪ್ಲೇನ್ಸ್‌ಬರೋ ಇರುವುದು ಅದರ ತದ್ವಿರುದ್ಧ ದಿಕ್ಕಿಗೆ!

ಹಿಂದಿನ ಸೀಟಿನಲ್ಲಿದ್ದ ಸೋನಾ ಮಸೂರಿ ಮೂಟೆಯನ್ನು ಡಿಕ್ಕಿಗೆ ಹಾಕಿ ಜಾಗ ಮಾಡಿಕೊಟ್ಟರು. ಅವನು ವಿಳಾಸ ಹೇಳಿದ, ಥ್ಯಾಂಕ್ಸ್ ಹೇಳಿದ, ಕಾಲು ಚಾಚಿದ. ಹೈವೇ ಸೇರುವುದರೊಳಗೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಭಾವನವರು ಜಿಪಿಎಸ್ಸಿನ ಬಾಯಿ ಮುಚ್ಚಿಸಿ, ಎಲ್ಲರೂ ಎಪ್ಪತ್ತರಲ್ಲಿ ಹೋಗುವ ಕಡೆ ನಲವತ್ತೈದರಲ್ಲಿ ಹೊರಟರು. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದಾಗಲೆಲ್ಲ ಕನ್ನಡಿಯಲ್ಲಿ ಅವುಗಳನ್ನು ದುರುಗುಟ್ಟಿ ನೋಡಿದರು.

"ಎಬ್ಬಿಸಿ ಭಾವ," ನಾನು ಪಿಸುಗುಟ್ಟಿದೆ. "ಹನ್ನೆರಡು ವರ್ಷದಿಂದ ನೋಡ್ತಿದ್ದೀನಿ ಅಂತಾದ್ರೂ ಹೇಳಿ!"

"ಹೇಳಿದ್ರೆ ಪಾಪ ನಗಬೇಕಾಗುತ್ತೆ, ಮಾತಾಡಬೇಕಾಗುತ್ತೆ. ಸಾಕಾಗಿದೆ ಅವನಿಗೆ. ಸುಮ್ನಿರಮ್ಮ."

ಅವನ ಮನೆಯ ಮುಂದೆ ಕಾರು ನಿಂತರೂ ಅವನಿಗೆ ಎಚ್ಚರವಾಗಲಿಲ್ಲ. ಭಾವನವರು ಎಬ್ಬಿಸಲೂ ಇಲ್ಲ. ಹೀಟರ್ ಆರದಿರಲೆಂದು ಎಂಜಿನ್ ನಿಲ್ಲಿಸದೆ ಕೂತರು. ಇಪ್ಪತ್ತು ನಿಮಿಷವಾಯಿತು. ಅಷ್ಟರಲ್ಲಿ ಅಕ್ಕನ ಫೋನು.

"ಎಲ್ರೀ ಇದ್ದೀರಾ? ಎಷ್ಟೊತ್ತಿಂದ ಕಾಯ್ತಾ ಇದ್ದೀನಿ!" ಅವಳು ರೇಗುತ್ತಿದ್ದದ್ದು ನನಗೂ ಕೇಳಿಸಿತು.

ಭಾವನವರು ಫೋನಿಗೆ ಕೈ ಅಡ್ಡ ಹಿಡಿದು, ಸಾಧ್ಯವಾದಷ್ಟು ಸಣ್ಣ ದನಿಯಲ್ಲಿ ಹೇಳಿದರು: "ನಮ್ ಕಾರಲ್ಲೇ ಇದ್ದಾನೆ ಕಣೇ. ಮಲಗಿಬಿಟ್ಟಿದ್ದಾನೆ."

ನಲವತ್ತು ಮೈಲಿ ಆಚೆಯಿದ್ದ ಅಕ್ಕನೂ ಪಿಸುದನಿಯಲ್ಲೇ ಕೇಳಿದಳು:

"ಏನಾದ್ರೂ ತಿಂದಿದ್ದಾನೇನ್ರೀ?"